ಪಿತ್ತಕೋಶದ ಕಲ್ಲು: ಕಾಯುವ ವಿವೇಕ, ಕಾಯದಿರುವ ವಿವೇಕ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಣ ಹಳ್ಳಿಗಳಲ್ಲಿ ಇಂದು ಸ್ಕ್ಯಾನಿಂಗ್ ಎಂಬುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಬಸಿರಿನ ತಪಾಸಣೆಗೆಂದು ಹೋದ ಹೆಣ್ಣುಮಗಳಿಗೂ, ಉರಿಮೂತ್ರವೆಂದು ಹೋದ ರೈತನಿಗೂ, ಆರೋಗ್ಯ ಶಿಬಿರದಲ್ಲಿ ಸಾಲಿನಲ್ಲಿ ನಿಂತ ವೃದ್ಧರಿಗೂ, ತಾವು ಕೇಳದೆಯೇ, ಪಿತ್ತಕೋಶದಲ್ಲಿ ಕಲ್ಲಿದೆಯೆಂಬ ಒಂದು ವಾಕ್ಯವುಳ್ಳ ವರದಿ ಕೈಸೇರುತ್ತದೆ. ಅಂದಿನ ಸಂಜೆಯೇ ಆ ಮನೆಯ ಜಗುಲಿಯ ಮೇಲೆ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. “ಒಳಗೆ ಕಲ್ಲಿಟ್ಕಂಡು ಬದುಕಾದು ಹೆಂಗೆ, ನಾಳೆನೇ ತೆಗೆಸ್ಬುಡಾವ” ಎಂಬುದು ಒಂದು ಪಕ್ಷ. “ಒಂದ್ಸಲ ಕುಯ್ಸ್ಕಂಡ ಮೈ ಗದ್ದೆ ಕೆಲಸಕ್ಕೆ ಆಗಾಕಿಲ್ಲ” ಎಂಬುದು ಇನ್ನೊಂದು. ಮೊದಲನೆಯದು ಕಲ್ಲಿನ ಭಯ, ಎರಡನೆಯದು ಕತ್ತಿಯ ಭಯ. ಈ ಎರಡು ಭಯಗಳಲ್ಲಿ ಯಾವುದೂ ನಿರ್ಣಯಕ್ಕೆ ಆಧಾರವಾಗತಕ್ಕದ್ದಲ್ಲವೆಂದೂ, ತೊಂದರೆ ಕೊಡದ ಕಲ್ಲನ್ನು ಅದರ ಪಾಡಿಗೆ ಬಿಡುವುದೂ ತೊಂದರೆ ಕೊಟ್ಟ ಕಲ್ಲನ್ನು ಕಾಲಹರಣ ಮಾಡದೆ ಚೀಲದೊಡನೆಯೇ ತೆಗೆಸುವುದೂ ಒಂದೇ ವಿವೇಕದ ಎರಡು ಮುಖಗಳೆಂದೂ ಈ ಲೇಖನದಲ್ಲಿ ಪ್ರತಿಪಾದಿಸಬಯಸುತ್ತೇನೆ.

ಮೊದಲು ಅಂಗದ ಪರಿಚಯ. ಕೋಳಿಯನ್ನೋ ಕುರಿಯನ್ನೋ ಹಸನು ಮಾಡಿದವರೆಲ್ಲರೂ ಇದನ್ನು ಕಣ್ಣಾರೆ ಕಂಡವರೇ. ಈಲಿಗೆ ಅಂಟಿಕೊಂಡಿರುವ ಆ ಹಸುರು ಚೀಲವನ್ನು, ಒಡೆದರೆ ಬಾಡೆಲ್ಲ ಕಹಿಯಾದೀತೆಂಬ ಎಚ್ಚರದಿಂದ, ಬೆರಳ ತುದಿಯಲ್ಲಿ ಹಿಡಿದು ಮೆಲ್ಲನೆ ಬಿಡಿಸಿ ದೂರ ಎಸೆಯುವುದು ನಮ್ಮ ಅಡುಗೆಮನೆಗಳ ಹಳೆಯ ರೂಢಿ. ಮನುಷ್ಯನಲ್ಲಿಯೂ ಅದು ಬಲಪಕ್ಕೆಲುಬುಗಳ ಮರೆಯಲ್ಲಿ, ಯಕೃತ್ತಿನ ಅಡಿಗೆ ಅಂಟಿಕೊಂಡು, ಏಳರಿಂದ ಹತ್ತು ಸೆಂಟಿಮೀಟರ್ ಉದ್ದವಾಗಿ, ಮೂವತ್ತರಿಂದ ಐವತ್ತು ಮಿಲಿಲೀಟರಿನಷ್ಟು ರಸವನ್ನು ಹಿಡಿಯುವಂತಿದೆ. ಆದರೆ ಪಿತ್ತರಸವನ್ನು ಉತ್ಪಾದಿಸುವುದು ಈ ಚೀಲವಲ್ಲ, ಯಕೃತ್ತು. ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಅದು ರಸವನ್ನು ಸ್ರವಿಸುತ್ತಲೇ ಇರುತ್ತದೆ. ಉಣ್ಣದ ವೇಳೆಯಲ್ಲಿ ಆ ರಸದ ಒಂದಂಶವನ್ನು ಕೂಡಿಟ್ಟು, ನೀರನ್ನು ಹೀರಿ ಗಟ್ಟಿಗೊಳಿಸಿ, ಜಿಡ್ಡಿನ ಆಹಾರ ಸಣ್ಣಕರುಳಿಗೆ ಇಳಿದೊಡನೆ ಕರುಳಿನಿಂದ ಹೊರಡುವ ಒಂದು ಹಾರ್ಮೋನಿನ ಪ್ರೇರಣೆಯಿಂದ ಸಂಕುಚಿಸಿ ಹೊರಹಾಕುವುದಷ್ಟೇ ಚೀಲದ ಕಾರ್ಯ. ಉತ್ಪಾದನೆ ಬೇರೆ, ಸಂಗ್ರಹ ಬೇರೆ ಎಂಬ ಈ ಭೇದವನ್ನು ಮನಗಂಡವರಿಗೆ, ಚೀಲವನ್ನು ತೆಗೆದರೆ ಜೀರ್ಣಶಕ್ತಿಯೇ ಅಳಿದುಹೋದೀತೆಂಬ ಶಂಕೆ ಬಹುಮಟ್ಟಿಗೆ ತಾನಾಗಿ ಕರಗುತ್ತದೆ. ನಿಸರ್ಗವು ಕುದುರೆಗೂ ಆನೆಗೂ ಪಿತ್ತಕೋಶವನ್ನು ಕೊಡಲೇ ಇಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಪಿತ್ತರಸದಲ್ಲಿರುವ ಕೊಲೆಸ್ಟರಾಲ್ ನೀರಿನಲ್ಲಿ ಕರಗತಕ್ಕ ವಸ್ತುವಲ್ಲ. ಪಿತ್ತಲವಣಗಳೂ ಲೆಸಿಥಿನ್ ಎಂಬ ದ್ರವ್ಯವೂ ಅದನ್ನು ಕರಗಿಸಿ ಹಿಡಿದಿಟ್ಟಿರುತ್ತವೆ. ಕೊಲೆಸ್ಟರಾಲಿನ ಪ್ರಮಾಣ ಇವುಗಳ ಶಕ್ತಿಯನ್ನು ಮೀರಿದಾಗ, ಅಥವಾ ಚೀಲವು ಪೂರ್ತಿಯಾಗಿ ಬರಿದಾಗದೆ ರಸ ನಿಂತಲ್ಲೇ ನಿಂತಾಗ, ಸ್ಫಟಿಕಗಳು ಮೂಡಿ, ಕಾಲಕ್ರಮದಲ್ಲಿ ಕಲ್ಲುಗಳಾಗುತ್ತವೆ. ರಕ್ತಕಣಗಳು ಅತಿಯಾಗಿ ನಾಶವಾಗುವ ರೋಗಗಳಲ್ಲಿ ವರ್ಣದ್ರವ್ಯದ ಕಪ್ಪು ಕಲ್ಲುಗಳೂ, ಪಿತ್ತನಾಳದ ಸೋಂಕಿನಲ್ಲಿ ಕಂದು ಕಲ್ಲುಗಳೂ ಉಂಟಾಗುವುದುಂಟು. ಹೆಂಗಸರಿಗೆ, ಅದರಲ್ಲಿಯೂ ಮಕ್ಕಳನ್ನು ಹೆತ್ತವರಿಗೆ, ಸ್ಥೂಲಕಾಯರಿಗೆ, ವಯಸ್ಸು ಕಳೆದವರಿಗೆ, ಅತಿ ಉಪವಾಸದಿಂದ ಮೈತೂಕವನ್ನು ಅವಸರವಾಗಿ ಇಳಿಸಿಕೊಂಡವರಿಗೆ ಈ ಸಾಧ್ಯತೆ ಅಧಿಕ. ಭಾರತದ ರೈಲ್ವೆ ನೌಕರರನ್ನು ಕುರಿತು ಎಸ್. ಎಲ್. ಮಲ್ಹೋತ್ರಾ ಅವರು 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರದವರಲ್ಲಿ ಪಿತ್ತಕೋಶದ ಕಲ್ಲು ದಕ್ಷಿಣದವರಲ್ಲಿರುವುದಕ್ಕಿಂತ ಏಳು ಪಟ್ಟು ಹೆಚ್ಚೆಂದು ಕಂಡುಬಂದಿತ್ತು. ಇದನ್ನೇ ನೆಚ್ಚಿ ನಾವು ನಿಶ್ಚಿಂತರಾಗಿರುವಂತಿಲ್ಲ. ಏಕೆಂದರೆ ರಾಗಿಮುದ್ದೆ, ಉಪ್ಪೆಸ್ರು, ಬಸ್ಸಾರು ಉಂಡು ಹೊತ್ತು ಮುಳುಗುವ ತನಕ ಗದ್ದೆಯಲ್ಲಿ ದುಡಿದವರ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಕುಳಿತು ಮಾಡುವ ಕೆಲಸಗಳಲ್ಲಿದ್ದಾರೆ, ಅವರ ಊಟವೂ ಬದಲಾಗಿದೆ.

ಇನ್ನು ಮೂಲಪ್ರಶ್ನೆಗೆ ಬರೋಣ. ಕಲ್ಲಿದ್ದ ಮಾತ್ರಕ್ಕೆ ತೆಗೆಸಬೇಕೆ? ಕಲ್ಲುಳ್ಳವರಲ್ಲಿ ಬಹುಮಂದಿಗೆ ಆಯುಷ್ಯದುದ್ದಕ್ಕೂ ಅದರಿಂದ ಯಾವ ಬಾಧೆಯೂ ಆಗುವುದಿಲ್ಲವೆಂಬುದು ವೈದ್ಯಶಾಸ್ತ್ರಕ್ಕೆ ಈಗ ಹೊಸ ಮಾತಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಯಾವ ನೋವೂ ಇಲ್ಲದೆ ಆಕಸ್ಮಿಕವಾಗಿ ಕಲ್ಲು ಕಂಡುಬಂದ 123 ಮಂದಿಯನ್ನು ವರ್ಷಾನುಗಟ್ಟಲೆ ಅನುಸರಿಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೋವು ಕಾಣಿಸಿಕೊಳ್ಳುವ ಸಂಭವವು ಐದು ವರ್ಷಗಳಲ್ಲಿ ನೂರಕ್ಕೆ 10, ಹತ್ತು ವರ್ಷಗಳಲ್ಲಿ 15, ಹದಿನೈದು ವರ್ಷಗಳಲ್ಲಿ 18 ಮಾತ್ರ. ಕಾಲ ಕಳೆದಂತೆ ಅಪಾಯ ಬೆಳೆಯುತ್ತ ಹೋಗುವುದಕ್ಕೆ ಬದಲಾಗಿ ಕುಗ್ಗುತ್ತ ಬಂದುದನ್ನು ಈ ಅಂಕೆಗಳಲ್ಲಿ ಗಮನಿಸತಕ್ಕದ್ದು. ಐವರಲ್ಲಿ ಒಬ್ಬರಿಗೆ ಎಂದಾದರೊಂದು ದಿನ ಬರಬಹುದಾದ ನೋವನ್ನು ತಪ್ಪಿಸುವುದಕ್ಕಾಗಿ ಐವರಿಗೂ ಅರಿವಳಿಕೆ ಕೊಟ್ಟು ಹೊಟ್ಟೆಯನ್ನು ತೆರೆಯುವುದು ಧರ್ಮವೂ ಅಲ್ಲ, ಅರ್ಥಶಾಸ್ತ್ರವೂ ಅಲ್ಲ. ಈ ಸೂತ್ರಕ್ಕೆ ಅಪವಾದಗಳಿವೆ: ಮೂರು ಸೆಂಟಿಮೀಟರಿಗೂ ದೊಡ್ಡದಾದ ಕಲ್ಲು, ಕಲ್ಲಿನ ಜೊತೆಗೆ ಚೀಲದ ಗೋಡೆಯಲ್ಲಿ ಬೆಳೆದ ದುರ್ಮಾಂಸ, ಸುಣ್ಣಗಟ್ಟಿದ ಗೋಡೆ, ರಕ್ತಕಣಗಳು ಸತತವಾಗಿ ನಾಶವಾಗುವ ವಂಶಗತ ರೋಗ, ಇಂಥವುಗಳಲ್ಲಿ ನೋವಿಲ್ಲದಿದ್ದರೂ ತಜ್ಞರು ಶಸ್ತ್ರಕ್ರಿಯೆಯನ್ನು ಸೂಚಿಸಬಹುದು. ಸಕ್ಕರೆ ಕಾಯಿಲೆಯೊಂದೇ ಅದಕ್ಕೆ ಸಾಕಾದ ಕಾರಣವೆಂಬ ಹಿಂದಿನ ಅಭಿಪ್ರಾಯವನ್ನು ಈಗ ಕೈಬಿಡಲಾಗಿದೆ.

ಆದರೆ ಕಲ್ಲು ಒಮ್ಮೆ ಮಾತನಾಡಲಾರಂಭಿಸಿದರೆ ವಿಚಾರವೇ ಬೇರೆ. ಬೀಗರೂಟದಲ್ಲಿ ಬಾಡೂಟ ಉಂಡು ಬಂದ ರಾತ್ರಿ, ಮೇಲುಹೊಟ್ಟೆಯ ನಡುವೆಯೋ ಬಲಪಕ್ಕೆಯ ಕೆಳಗೋ ಬಿಗಿಹಿಡಿದಂತೆ ಹುಟ್ಟಿ, ಬೆನ್ನಿಗೂ ಬಲಹೆಗಲ ಮೂಳೆಗೂ ಹಬ್ಬಿ, ಅರ್ಧ ಗಂಟೆಗೆ ಕಡಮೆಯಾಗದೆ, ಕೆಲವೊಮ್ಮೆ ಗಂಟೆಗಟ್ಟಲೆ ನಿಂತು, ಬೆವರಿಳಿಸಿ, ವಾಂತಿ ಮಾಡಿಸಿ, ಬಳಿಕ ಬಂದಂತೆಯೇ ಹೊರಟುಹೋಗುವ ನೋವು ಇದರ ಲಕ್ಷಣ. ನಮ್ಮಲ್ಲಿ ಇದಕ್ಕೆ ಸಲ್ಲುವ ಹೆಸರು ಗ್ಯಾಸ್ಟ್ರಿಕ್ ಎಂಬುದು. ಔಷಧದಂಗಡಿಯಿಂದ ಗ್ಯಾಸ್ ಮಾತ್ರೆ ತಂದು ನುಂಗಿ, ಸೋಡಾ ಕುಡಿದು, ನೋವು ತಾನಾಗಿ ಇಳಿದದ್ದನ್ನು ಮಾತ್ರೆಯ ಗುಣವೆಂದು ನಂಬಿ, ಹೀಗೆಯೇ ವರ್ಷಗಳನ್ನು ಕಳೆಯುವವರು ಅನೇಕರು. ವಿಪರ್ಯಯವಾಗಿ, ನಿಜವಾಗಿಯೂ ಆಮ್ಲಪಿತ್ತದಿಂದ ಬರುವ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರಗಳನ್ನು, ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡಿತೆಂಬ ಕಾರಣಕ್ಕೆ, ಕಲ್ಲಿನ ತಲೆಗೆ ಕಟ್ಟುವುದೂ ಉಂಟು. ಅಂಥವರ ಪಿತ್ತಕೋಶವನ್ನು ತೆಗೆದರೂ ಎದೆಯುರಿ ಉಳಿಯುತ್ತದೆ. ಆಪರೇಷನ್ ಮಾಡಿಸಿಯೂ ಪ್ರಯೋಜನವಾಗಲಿಲ್ಲವೆಂಬ ಅಪವಾದ ಹುಟ್ಟುವುದು ಬಹುಮಟ್ಟಿಗೆ ಇಂಥ ಪ್ರಸಂಗಗಳಿಂದಲೇ.

ಇದಕ್ಕಿಂತ ಗುರುತರವಾದದ್ದು ಕಾಮಾಲೆಯ ವಿಷಯ. ಕಲ್ಲು ಚೀಲದಿಂದ ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ರಸದ ಹರಿವು ನಿಂತು, ಕಣ್ಣು ಹಳದಿಯಾಗಿ, ಮೂತ್ರ ಕಂದಾಗಿ, ಮಲ ಬಿಳಿಚಿಕೊಳ್ಳುತ್ತದೆ. ಹಳ್ಳಿಗಳಲ್ಲಿ ಕಣ್ಣು ಹಳದಿಯಾದೊಡನೆ ನಾಟಿ ಔಷಧಿಯವರ ಮನೆಯ ದಾರಿ ಹಿಡಿದು, ಸೊಪ್ಪಿನ ರಸ ಕುಡಿದು ಪಥ್ಯ ಮಾಡುವುದು ರೂಢಿ. ವೈರಾಣುವಿನಿಂದ ಬಂದ ಕಾಮಾಲೆ ಎಷ್ಟೋ ವೇಳೆ ತಾನಾಗಿಯೇ ಇಳಿಯುವುದರಿಂದ ಈ ಔಷಧಿಗಳಿಗೆ ಕೀರ್ತಿ ಬಂದಿದೆ. ನಾಳ ಕಟ್ಟಿಕೊಂಡು ಬಂದ ಕಾಮಾಲೆಗೆ ಆ ಸೌಭಾಗ್ಯವಿಲ್ಲ. ಹಳದಿ ಕಣ್ಣಿನ ಜೊತೆಗೆ ಚಳಿಜ್ವರವೂ ಹೊಟ್ಟೆನೋವೂ ಕೂಡಿದರೆ ಪಿತ್ತನಾಳದಲ್ಲಿ ಕೀವಾಗುತ್ತಿದೆಯೆಂದೇ ಭಾವಿಸಬೇಕು. ಆಗ ಒಂದೊಂದು ದಿನದ ವಿಳಂಬವೂ ಪ್ರಾಣದ ಮೇಲಿನ ಪಣವೇ ಆಗುತ್ತದೆ. ಕಲ್ಲು ಇನ್ನೂ ಕೆಳಗಿಳಿದು ಮೇದೋಜ್ಜೀರಕ ಗ್ರಂಥಿಯ ದಾರಿಗೆ ಅಡ್ಡಬಂದರೆ, ಆ ಗ್ರಂಥಿಯ ಉರಿಯೂತವೆಂಬ ಘೋರವ್ಯಾಧಿಗೆ ಎಡೆಯಾಗುತ್ತದೆ. ಸಣ್ಣ ಕಲ್ಲಿಗೆ ಹೆದರಬೇಕಾಗಿಲ್ಲವೆಂಬ ನಂಬಿಕೆ ತಪ್ಪೆಂಬುದಕ್ಕೆ ಇದೇ ಸಾಕ್ಷಿ. ನಾಳಕ್ಕೆ ಜಾರಬಲ್ಲದ್ದು ಸಣ್ಣ ಕಲ್ಲೇ.

ಕತ್ತಿಯಿಲ್ಲದೆ ಕಲ್ಲನ್ನು ಕಳೆಯುವ ಉಪಾಯವಿಲ್ಲವೆ ಎಂಬ ಪ್ರಶ್ನೆ ಸಹಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಬಾಳೆದಿಂಡಿನ ರಸ, ಹುರಳಿಕಟ್ಟು, ಕಾಡುಬಸಳೆಯ ಎಲೆ ಇವು ನಮ್ಮಲ್ಲಿ ಮೂತ್ರಪಿಂಡದ ಕಲ್ಲಿಗೆಂದು ಪ್ರಸಿದ್ಧವಾದವು. ಅವುಗಳನ್ನೇ ಪಿತ್ತಕೋಶದ ಕಲ್ಲಿಗೂ ಕುಡಿಸುತ್ತಾರೆ. ಮೂತ್ರಪಿಂಡದ ಸಣ್ಣ ಕಲ್ಲು ಮೂತ್ರದೊಡನೆ ಹೊರಬೀಳುವುದಕ್ಕೆ ದಾರಿಯಿದೆ. ಪಿತ್ತಕೋಶಕ್ಕೂ ಮೂತ್ರಮಾರ್ಗಕ್ಕೂ ಸಂಬಂಧವೇ ಇಲ್ಲ. ಅಲ್ಲಿಂದ ಕಲ್ಲು ಹೊರಟರೆ ಸೇರುವುದು ಈಗ ಹೇಳಿದ ಅಪಾಯದ ನಾಳವನ್ನೇ. ಎಣ್ಣೆ, ನಿಂಬೆರಸ, ಭೇದಿಯುಪ್ಪುಗಳನ್ನು ಕುಡಿದು ಮಾರನೆಯ ದಿನ ಹಸುರು ಉಂಡೆಗಳನ್ನು ಕಂಡು ಕಲ್ಲುಗಳು ಹೊರಬಂದವೆಂದು ಹಿಗ್ಗುವ ಒಂದು ಪದ್ಧತಿಯೂ ಪ್ರಚಾರದಲ್ಲಿದೆ. ಅಂಥ ಉಂಡೆಗಳನ್ನು ಪರೀಕ್ಷಿಸಿ 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ವೈದ್ಯರು, ಅವು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಾಗಿ ಗಟ್ಟಿಯಾದದ್ದೆಂದು ತೋರಿಸಿಕೊಟ್ಟಿದ್ದಾರೆ. ಇನ್ನು ಶಾಸ್ತ್ರಸಮ್ಮತವಾದ ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯಿದೆ. ಸುಣ್ಣಗಟ್ಟದ, ಸಣ್ಣದಾದ, ಶುದ್ಧ ಕೊಲೆಸ್ಟರಾಲಿನ ಕಲ್ಲನ್ನು ಅದು ಆರು ತಿಂಗಳಿಂದ ಎರಡು ವರ್ಷಗಳ ಅವಧಿಯಲ್ಲಿ ಕರಗಿಸಬಲ್ಲುದು, ಆದರೆ ಕರಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷಗಳೊಳಗೆ ಮತ್ತೆ ಕಲ್ಲು ಕಟ್ಟುತ್ತದೆ. ಶಬ್ದಾಘಾತದಿಂದ ಕಲ್ಲನ್ನು ಒಡೆಯುವ ವಿಧಾನವನ್ನು 1985ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪ್ರಯೋಗಿಸಿದರು. ಅದೂ ಇದೇ ಕಾರಣದಿಂದ ಬಳಕೆ ತಪ್ಪಿತು. ಕಲ್ಲು ಕಾರ್ಯ, ಚೀಲ ಕಾರಣ. ಕಾರಣವನ್ನು ಉಳಿಸಿಕೊಂಡು ಕಾರ್ಯವನ್ನಷ್ಟೇ ನೀಗಿಸುವ ಚಿಕಿತ್ಸೆಗೆ ಸ್ಥಿರತೆಯಿಲ್ಲ.

ಈ ತರ್ಕವನ್ನು ಮೊತ್ತಮೊದಲು ಕಾರ್ಯರೂಪಕ್ಕೆ ತಂದವನು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್. ಕಲ್ಲನ್ನಷ್ಟೇ ತೆಗೆದು ಚೀಲವನ್ನು ಉಳಿಸುತ್ತಿದ್ದ ಕಾಲದಲ್ಲಿ ಅವನು 1882ರ ಜುಲೈ 15ರಂದು, ಬಹುಕಾಲದಿಂದ ನೋವುಣ್ಣುತ್ತಿದ್ದ 43 ವರ್ಷದ ರೋಗಿಯೊಬ್ಬನ ಪಿತ್ತಕೋಶವನ್ನು ಸಮಗ್ರವಾಗಿ ತೆಗೆದು ಯಶಸ್ವಿಯಾದನು. ಅಂದಿನಿಂದ ಸುಮಾರು ನೂರು ವರ್ಷ ಪಕ್ಕೆಲುಬಿನಡಿ ಗೇಣುದ್ದ ಕೊಯ್ದು ಮಾಡುತ್ತಿದ್ದ ಈ ಕ್ರಿಯೆಯನ್ನು 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ, ದರ್ಶಕನಳಿಗೆಯ ಸಹಾಯದಿಂದ ಮಾಡಿದನು; ಭಾರತದಲ್ಲಿ 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಅದನ್ನು ಪ್ರಾರಂಭಿಸಿದರು. ಈಗ ಸಾಮಾನ್ಯವಾಗಿ ನಾಲ್ಕು ರಂಧ್ರಗಳು. ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಿ, ಚೀಲದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಯಕೃತ್ತಿನಿಂದ ಬಿಡಿಸಿ, ಒಂದು ರಂಧ್ರದಿಂದ ಹೊರಕ್ಕೆಳೆಯುತ್ತಾರೆ. ಎಷ್ಟೋ ಆಸ್ಪತ್ರೆಗಳಲ್ಲಿ ಥಿಯೇಟರಿನ ಬಾಗಿಲಲ್ಲಿ ಕಾದಿದ್ದ ಬಂಧುಗಳ ಕೈಗೆ ಪುಟ್ಟ ಡಬ್ಬಿಯಲ್ಲಿ ಕಲ್ಲುಗಳನ್ನಿಟ್ಟು ತೋರಿಸುವುದುಂಟು. ಬಂಧುಗಳು ಅದನ್ನು ಬೆಳಕಿಗೆ ಹಿಡಿದು, ಅಲುಗಿಸಿ, ಎಣಿಸಿ ನೋಡುತ್ತಾರೆ. ಚೀಲವನ್ನು ಮಾತ್ರ ಪ್ರಯೋಗಾಲಯದ ಪರೀಕ್ಷೆಗೆ ಕಳಿಸಿದರೇ ಎಂಬುದನ್ನೂ, ಅದರ ವರದಿ ಬಂದಿತೇ ಎಂಬುದನ್ನೂ ಅವರು ಕೇಳಿ ತಿಳಿಯುವುದು ಒಳ್ಳೆಯದು. ಅಪರೂಪವಾಗಿ ಅಡಗಿದ ಅರ್ಬುದ ಅಲ್ಲಿಯೇ ಪತ್ತೆಯಾಗುತ್ತದೆ.

ಅಪಾಯವೇ ಇಲ್ಲವೆಂದು ಹೇಳುವುದು ಅಪ್ರಾಮಾಣಿಕತೆಯಾದೀತು. ಸಾವಿರ ಶಸ್ತ್ರಕ್ರಿಯೆಗಳಲ್ಲಿ ಮೂರರಿಂದ ಐದರಲ್ಲಿ ಮುಖ್ಯ ಪಿತ್ತನಾಳಕ್ಕೆ ಗಾಯವಾಗುವ ಸಂಭವವಿದೆ. ಅದು ದೀರ್ಘಕಾಲದ ಕ್ಲೇಶಕ್ಕೆ ಕಾರಣವಾಗಬಲ್ಲುದು. ಆದಕಾರಣ ಉರಿಯೂತದಿಂದ ಅಂಗಗಳ ಗುರುತು ಸಿಗದಿದ್ದಾಗ ವೈದ್ಯರು ರಂಧ್ರದ ಕ್ರಮವನ್ನು ಬಿಟ್ಟು ಹೊಟ್ಟೆಯನ್ನು ತೆರೆದರೆ, ಅದನ್ನು ವೈಫಲ್ಯವೆಂದು ಜರೆಯದೆ ವಿವೇಕವೆಂದು ತಿಳಿಯಬೇಕು. ನಾಳದಲ್ಲಿ ಕಲ್ಲು ಸಿಕ್ಕಿದ್ದರೆ ಬಾಯಿಯ ಮೂಲಕ ನಳಿಗೆಯಿಳಿಸಿ ಅದನ್ನು ತೆಗೆಯುವ ಇಆರ್‌ಸಿಪಿ ಎಂಬ ಕ್ರಮ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗತಕ್ಕ ಕೆಲಸವಲ್ಲ ಅದು.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಲೇಬೇಕು. ನೋವಿದ್ದವರಿಗಾದರೂ ಶಸ್ತ್ರಕ್ರಿಯೆ ಅನಿವಾರ್ಯವೆ? ಬ್ರಿಟನ್ನಿನಲ್ಲಿ ತೊಡಕಿಲ್ಲದ ಕಲ್ಲಿನ ನೋವುಳ್ಳ 434 ಮಂದಿಯನ್ನು ಎರಡು ಗುಂಪು ಮಾಡಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಕ್ರಿಯೆಗೆಂದು ಆರಿಸಿದ ಗುಂಪಿಗೂ ಕಾದುನೋಡುವುದಕ್ಕೆ ಬಿಟ್ಟ ಗುಂಪಿಗೂ ಹದಿನೆಂಟು ತಿಂಗಳುಗಳಲ್ಲಿ ನೋವಿನ ಬಾಧೆಯಲ್ಲಿ ಗಣನೀಯ ಭೇದ ಕಾಣಲಿಲ್ಲ. ಕಾದವರಲ್ಲಿ ಆ ಅವಧಿಯಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ನೂರಕ್ಕೆ 25 ಮಂದಿ ಮಾತ್ರ. ಹಾಲೆಂಡಿನ 24 ಆಸ್ಪತ್ರೆಗಳಲ್ಲಿ ಕಲ್ಲೂ ಹೊಟ್ಟೆನೋವೂ ಇದ್ದ 1067 ಮಂದಿಯನ್ನು ಕುರಿತು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವರ್ಷ ಕಳೆದ ಮೇಲೂ ಹತ್ತರಲ್ಲಿ ಸುಮಾರು ನಾಲ್ವರಿಗೆ ಹೊಟ್ಟೆನೋವು ಉಳಿದಿತ್ತು. ಈ ಸಾಕ್ಷ್ಯಗಳನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಒಂದೆರಡು ಬಾರಿ ಮಾತ್ರ ನೋವು ಬಂದವರು, ನೋವಿನ ಸ್ವರೂಪ ಸ್ಪಷ್ಟವಾಗದವರು, ಕಾದು ನೋಡುವ ಹಕ್ಕುಳ್ಳವರೆಂಬುದನ್ನು ಅವು ಸ್ಥಾಪಿಸುತ್ತವೆ. ಆದರೆ ಹದಿನೆಂಟು ತಿಂಗಳು ಒಂದು ಆಯುಷ್ಯವಲ್ಲ. ಮೇಲಾಗಿ, ಕಾಯುವವನಿಗೆ ನಡುರಾತ್ರಿಯಲ್ಲಿ ನೋವು ಕೆರಳಿದಾಗ ಆಸ್ಪತ್ರೆ ಎಷ್ಟು ದೂರ ಎಂಬುದು ಚಿಕಿತ್ಸೆಯದೇ ಒಂದು ಅಂಗ. ಮಂಡ್ಯ, ಮದ್ದೂರುಗಳು ಮೈಸೂರು–ಬೆಂಗಳೂರು ಹೆದ್ದಾರಿಯ, ರೈಲಿನ ದಾರಿಯ ಮೇಲಿವೆ. ಮಳವಳ್ಳಿಗೆ ರೈಲಿಲ್ಲ, ಅದರಾಚೆ ಮುತ್ತತ್ತಿಯ ಕಾಡಂಚಿನ ಹಳ್ಳಿಗಳಿಂದ ಹೊರಡುವವನಿಗೆ ದಾರಿ ಇನ್ನೂ ದೀರ್ಘ. ಪದೇ ಪದೇ ನೋವುಣ್ಣುತ್ತಿರುವ ಅಂಥ ಹಳ್ಳಿಯ ರೋಗಿಗೆ, ನೆಮ್ಮದಿಯ ದಿನಗಳಲ್ಲೇ ಶಸ್ತ್ರಕ್ರಿಯೆಯನ್ನು ಮುಗಿಸಿಕೊಳ್ಳೆಂದು ಹೇಳುವುದೇ ಹಿತವಾದ ಮಾತು. ಚೀಲಕ್ಕೆ ತೀವ್ರ ಉರಿಯೂತವಾದವರ ವಿಷಯದಲ್ಲಂತೂ, ಆರು ವಾರ ತಣಿಯಲೆಂದು ಕಾಯುತ್ತಿದ್ದ ಹಳೆಯ ಕ್ರಮಕ್ಕಿಂತ ಮೊದಲ ಕೆಲವು ದಿನಗಳಲ್ಲೇ ತೆಗೆಯುವುದು ಮೇಲೆಂದು ಈಗ ಸ್ಥಿರಪಟ್ಟಿದೆ. ಕಲ್ಲಿನಿಂದ ಮೇದೋಜ್ಜೀರಕದ ಉರಿಯೂತ ಸೌಮ್ಯವಾಗಿ ಬಂದುಹೋದವರಿಗೆ ಆಸ್ಪತ್ರೆ ಬಿಡುವ ಮೊದಲೇ ಚೀಲವನ್ನು ತೆಗೆದರೆ, ತೊಡಕುಗಳು ನೂರಕ್ಕೆ 17ರಿಂದ 5ಕ್ಕೆ ಇಳಿದುದನ್ನು ಹಾಲೆಂಡಿನಲ್ಲಿಯೇ 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಹಣದ ಭಯವೂ ಮೊದಲಿನಷ್ಟು ಇರಬೇಕಾಗಿಲ್ಲ. ಮಂಡ್ಯದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯಿದೆ; ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ರಕ್ಷಣೆಯುಂಟು. ಸಹಕಾರ ಸಂಘಗಳ ಸದಸ್ಯರಿಗೆ, 2003ರಲ್ಲಿ ಮೊದಲಾಗಿ ನಡುವೆ ನಿಂತು ಮತ್ತೆ ಚಾಲನೆಗೊಂಡ ಯಶಸ್ವಿನಿಯಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಪಡೆದು ಮುಂದೆ ಹೋಗುವ ಕ್ರಮವನ್ನು ತಪ್ಪಿಸಿದವರಿಗೆ ಸವಲತ್ತು ಕೈತಪ್ಪಬಹುದೆಂಬುದನ್ನು ಮಾತ್ರ ಮರೆಯಬಾರದು.

ಕೊನೆಯದಾಗಿ, ತೆಗೆದ ಮೇಲಿನ ಬಾಳು. ಮೊದಲ ಒಂದೆರಡು ದಿನ ಹೆಗಲು ನೋಯುವುದುಂಟು. ಹೊಟ್ಟೆಗೆ ತುಂಬಿದ್ದ ಅನಿಲದ ಶೇಷ ವಪೆಯನ್ನು ಕೆರಳಿಸುವುದರಿಂದ ಆಗುವ ನೋವದು, ತಾನಾಗಿ ಹೋಗುತ್ತದೆ. ವಾರ ಎರಡು ವಾರಗಳಲ್ಲಿ ಮನೆಗೆಲಸಕ್ಕೂ ಅಂಗಡಿಯ ಗಲ್ಲಕ್ಕೂ ಮರಳಬಹುದು. ಕಬ್ಬಿನ ಹೊರೆ ಎತ್ತುವ, ಮೂಟೆ ಹೊರುವ ಕೆಲಸಕ್ಕೆ ನಾಲ್ಕರಿಂದ ಆರು ವಾರ ಬಿಡುವು ಬೇಕು. ಹೊಟ್ಟೆ ತೆರೆದು ಮಾಡಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ತುರ್ತಿಲ್ಲದವರು ನಾಲೆಗೆ ನೀರು ಬಿಡುವ ಮುನ್ನಿನ ಬಿಡುವಿನ ದಿನಗಳನ್ನು ಆರಿಸಿಕೊಂಡರೆ, ನಾಟಿಯ ಹೊತ್ತಿಗೆ ಮೈ ಗದ್ದೆಗೆ ಸಿದ್ಧವಾಗಿರುತ್ತದೆ; ಕುಯ್ಸಿಕೊಂಡ ಮೈ ಕೆಲಸಕ್ಕೆ ಬಾರದೆಂಬ ಮಾತಿಗೆ ಆಧಾರವಿಲ್ಲ. ಪಿತ್ತರಸ ಈಗ ಯಕೃತ್ತಿನಿಂದ ನೇರವಾಗಿ, ಬಿಡದೆ ಕರುಳಿಗೆ ಇಳಿಯುತ್ತದೆ. ಕೆಲವರಿಗೆ, ವಿಶೇಷವಾಗಿ ಜಿಡ್ಡಿನ ಊಟದ ತರುವಾಯ, ಮಲ ಸಡಿಲವಾಗುವುದು ಇದರಿಂದಲೇ. ಬಹುಮಂದಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಹೋಗದವರಿಗೆ ಪಿತ್ತಾಮ್ಲವನ್ನು ಹಿಡಿದಿಡುವ ಔಷಧವಿದೆ. ಜೀವನಪರ್ಯಂತ ಪಥ್ಯದ ಅಗತ್ಯವಿಲ್ಲ. ಮುದ್ದೆ, ಸೊಪ್ಪುಸಾರು, ಅನ್ನ, ಮಜ್ಜಿಗೆಗಳಿಂದ ಆರಂಭಿಸಿ, ಒಮ್ಮೆಗೇ ಹೊಟ್ಟೆ ಬಿರಿಯ ಉಣ್ಣದೆ, ಕೆಲವು ವಾರ ಕರಿದದ್ದನ್ನು ಮಿತಗೊಳಿಸಿದರೆ ಸಾಕು. ಆಮೇಲೆ ಮದ್ದೂರು ವಡೆಯೂ ಹಬ್ಬದ ಬಾಡೂಟವೂ ಮಿತಿಯರಿತವನಿಗೆ ನಿಷಿದ್ಧವಲ್ಲ. ಆದರೆ ಚೀಲ ಹೋದ ಮೇಲೆಯೂ ಕಣ್ಣು ಹಳದಿಯಾದರೆ, ಚಳಿಜ್ವರ ಬಂದರೆ, ಹಿಂದಿನಂಥ ನೋವೇ ಮರುಕಳಿಸಿದರೆ, ನಾಳದಲ್ಲಿ ಕಲ್ಲು ಉಳಿದಿರಬಹುದೆಂದು ಬಗೆದು ಕೂಡಲೇ ತೋರಿಸಬೇಕು.

ಆದ್ದರಿಂದ ನನ್ನ ವಿಜ್ಞಾಪನೆ ಇಷ್ಟು. ವೈದ್ಯರು ಸ್ಕ್ಯಾನಿಂಗಿನ ವರದಿಯನ್ನು ಓದುವ ಮುನ್ನ ರೋಗಿಯ ನೋವಿನ ಕಥೆಯನ್ನು ಪೂರ್ತಿಯಾಗಿ ಕೇಳಲಿ. ಆರೋಗ್ಯ ಇಲಾಖೆಯವರು ಹಳದಿ ಕಣ್ಣು ಮತ್ತು ಚಳಿಜ್ವರದ ಎಚ್ಚರಿಕೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಪ್ರತಿಯೊಂದು ಹಟ್ಟಿಗೂ ಮುಟ್ಟಿಸಲಿ. ಓದುಗರು ತಮ್ಮ ಮನೆಯಲ್ಲಿ ಇಂಥ ವರದಿ ಬಂದಾಗ, ಈ ಕಲ್ಲಿನಿಂದ ನಿನಗೆ ನೋವಾಗಿದೆಯೆ, ಹೇಗೆ, ಎಷ್ಟು ಸಲ, ಎಂದು ರೋಗಿಯನ್ನೇ ಮೊದಲು ಕೇಳಲಿ. ನೋವಿಲ್ಲವೆಂದರೆ ಕಾಯಿರಿ, ನೋವು ಮರಳಿ ಮರಳಿ ಬರುತ್ತಿದೆಯೆಂದರೆ ತಡಮಾಡಬೇಡಿ, ಕಣ್ಣು ಹಳದಿಯಾಗಿದೆಯೆಂದರೆ ನಾಟಿ ಔಷಧಿಯ ದಾರಿ ಹಿಡಿಯದೆ ಅಂದೇ ಆಸ್ಪತ್ರೆಗೆ ಹೊರಡಿ.